ಬೇರೆ ಮದ್ದಿನ ಬೇಡಿಕೆ

ತುಂಗಭದ್ರೆಯ ಎಡದಂಡೆಯ ಮುಕ್ಕುಂದದಿಂದಲೋ, ಮಸ್ಕಿ ಲಿಂಗಸುಗೂರುಗಳ ಕಡೆಯ ಯಾವುದಾದರೊಂದು ಹಳ್ಳಿಯಿಂದಲೋ ಸಿಂಧನೂರಿನ ದವಾಖಾನೆಗೆ ಬಂದ ಹೆಣ್ಣುಮಗಳು “ಎದಿ ಡವಡವ ಅಂತದ್ರಿ, ಕೈ ನಡುಗ್ತಾವ, ಎಷ್ಟು ಉಂಡ್ರೂ ಮೈ ಹತ್ತವಲ್ದು” ಎಂದು ಹೇಳಿಕೊಂಡರೆ, ಆಕೆಯ ಕತ್ತಿನ ಬುಡದ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಸ್ರವಿಸುತ್ತಿರಬಹುದೆಂದು ಊಹಿಸಿ ರಕ್ತವನ್ನು ಪರೀಕ್ಷಿಸುವುದೂ, ಊಹೆಯು ನಿಜವಾದಲ್ಲಿ ಕಾರ್ಬಿಮಜೋಲ್ ಗುಳಿಗೆಯನ್ನು ಬರೆದುಕೊಡುವುದೂ ಇಂದಿನ ವೈದ್ಯರಿಗೆ ರೂಢಿಯಾದ ಕಾರ್ಯ. ಆ ಗುಳಿಗೆಯಿಂದ ಮೈಯೆಲ್ಲ ದದ್ದೆದ್ದು ಆಕೆ ಮರಳಿ ಬಂದು, “ಇದರ ಬದ್ಲಿ ಬ್ಯಾರೆ ಏನರ ಇದ್ರ ನೋಡ್ರಿ ಸಾಹೇಬ್ರ” ಎಂದು ಕೇಳಿದಾಗ ತೊಡಕು ತಲೆದೋರುತ್ತದೆ. ರೋಗಿಯ ಈ ಬೇಡಿಕೆಯನ್ನು ಅಜ್ಞಾನವೆಂದೋ ಉದ್ಧಟತನವೆಂದೋ ಎಣಿಸುವವರು ಉಂಟು. ಆದರೆ ಈ ವ್ಯಾಧಿಯ ಇತಿಹಾಸವನ್ನು ಬಲ್ಲವರು ಹಾಗೆ ಎಣಿಸಲಾರರು. ಇಂದು ವೈದ್ಯರು ನಿಸ್ಸಂಕೋಚವಾಗಿ ಬರೆಯುವ ಮದ್ದುಗಳೆಲ್ಲವೂ ಮೊದಲ ದಿನವೇ ಅವರ ಮನ್ನಣೆಗೆ ಪಾತ್ರವಾದುವಲ್ಲ.

ಎಡೆದೊರೆನಾಡೆಂದು ಪ್ರಾಚೀನ ಶಾಸನಗಳಲ್ಲಿ ಖ್ಯಾತವಾದ, ಕೃಷ್ಣೆ ತುಂಗಭದ್ರೆಗಳ ನಡುವಣ ಈ ಭೂಮಿಗೆ ಬೇರೆ ಮದ್ದನ್ನು ಕುರಿತ ಜಿಜ್ಞಾಸೆಯು ಹೊಸತಲ್ಲ. ಇಲ್ಲಿಗೆ ಬಹುದೂರವಲ್ಲದ ಮಾನ್ಯಖೇಟದಲ್ಲಿ, ಅಮೋಘವರ್ಷ ನೃಪತುಂಗನ ಸಭೆಯಲ್ಲಿ, ಜೈನ ವೈದ್ಯನಾದ ಉಗ್ರಾದಿತ್ಯನು ಚಿಕಿತ್ಸೆಗೆ ಮಾಂಸವು ಅಗತ್ಯವಲ್ಲವೆಂದು ವಾದಿಸಿದನೆಂದು ಅವನ ಸಂಸ್ಕೃತ ‘ಕಲ್ಯಾಣಕಾರಕ’ವು ಹೇಳುತ್ತದೆ. ಸುಮಾರು 1150ರ ವೇಳೆಗೆ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಆಧರಿಸಿ ಕನ್ನಡದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿ, ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ ಔಷಧಕ್ರಮವನ್ನು ನಾಡಿನ ವೈದ್ಯರ ಮುಂದಿರಿಸಿದನು. ರೂಢಿಯ ಔಷಧವನ್ನು ಸೇವಿಸಲೊಲ್ಲದ ರೋಗಿಗೂ ವೈದ್ಯವು ಮಾರ್ಗವೊಂದನ್ನು ತೋರಬೇಕೆಂಬ ಈ ಕಾಳಜಿಯನ್ನು ನಾನು ಕನ್ನಡ ವೈದ್ಯಸಾಹಿತ್ಯದ ದೊಡ್ಡ ಗುಣವೆಂದೇ ಭಾವಿಸುತ್ತೇನೆ. ಸೋಮನಾಥನಿಗಿಂತ ಕೆಲವೇ ದಶಕಗಳ ಮುಂಚೆ, ದೂರದ ಖ್ವಾರಜ್ಮ್ ದೇಶದಲ್ಲಿ, ಅಲ್-ಜುರ್ಜಾನಿ ಎಂಬ ವೈದ್ಯನು ವಿದ್ವಾಂಸರ ಅರಬ್ಬಿಯನ್ನು ಬಿಟ್ಟು ಪಾರಸಿಯಲ್ಲಿ ‘ಜಖೀರಾ-ಇ-ಖ್ವಾರಜ್ಮ್‌ಶಾಹಿ’ ಎಂಬ ವೈದ್ಯಕೋಶವನ್ನು ಬರೆದು, ಥೈರಾಯ್ಡಿನ ಈ ವ್ಯಾಧಿಯ ಚಿಹ್ನೆಗಳಾದ ಗಳಗಂಡಕ್ಕೂ ಕಣ್ಣಾಲಿಗಳು ಹೊರಚಾಚುವುದಕ್ಕೂ ಇರುವ ಸಂಬಂಧವನ್ನು ಅದರಲ್ಲಿ ಗುರುತಿಸಿದ್ದನು. ಯುರೋಪಿನಲ್ಲಿ ಈ ಲಕ್ಷಣಸಮುಚ್ಚಯವನ್ನು ಬಾತ್ ನಗರದ ಪ್ಯಾರಿ ಮೊದಲು ಗಮನಿಸಿದುದು 1786ರಲ್ಲಿ. ವ್ಯಾಧಿಗೆ ತಮ್ಮ ಹೆಸರನ್ನಿತ್ತ ಡಬ್ಲಿನ್ನಿನ ಗ್ರೇವ್ಸ್ 1835ರಲ್ಲೂ ಜರ್ಮನಿಯ ಬಾಸೆಡೊ 1840ರಲ್ಲೂ ಬರೆದರು. ಜುರ್ಜಾನಿಯ ಯುನಾನಿ ಪರಂಪರೆಯೇ ಹೈದರಾಬಾದಿನ ನಿಜಾಮರ ಆಶ್ರಯವನ್ನು ಪಡೆಯಿತು. 1948ರವರೆಗೂ ಆ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯಲ್ಲಿ ಹಕೀಮರ, ಆಯುರ್ವೇದ ಪಂಡಿತರ ಮತ್ತು ಪಾಶ್ಚಾತ್ಯ ಪದ್ಧತಿಯ ಡಾಕ್ಟರರ ಬಾಗಿಲುಗಳು ಮೂರೂ ತೆರೆದಿದ್ದು, ಒಂದು ಫಲಿಸದಿದ್ದರೆ ಇನ್ನೊಂದನ್ನು ಕೇಳುವುದು ಜನರಿಗೆ ಸಹಜವಾಯಿತು.

ಈ ವ್ಯಾಧಿಯ ಮದ್ದಿನ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆರೆಹಿಡಿದಿರುವುದು ಅಯೋಡಿನ್ನಿನ ಪ್ರಕರಣ. 1811ರಲ್ಲಿ ಕೂರ್ತ್ವಾ ಎಂಬಾತನು ಕಡಲಪಾಚಿಯ ಬೂದಿಯಿಂದ ಈ ಧಾತುವನ್ನು ಬೇರ್ಪಡಿಸಿದ ಮೇಲೆ, ಸುಟ್ಟ ಸ್ಪಂಜು ಗಳಗಂಡಕ್ಕೆ ಹಳೆಯ ಮದ್ದಾಗಿದ್ದುದನ್ನು ನೆನೆದ ಜಿನೀವಾದ ಕ್ವಾಂದೆ, 1820ರಲ್ಲಿ ಅಯೋಡಿನ್ ದ್ರಾವಣವನ್ನೇ ರೋಗಿಗಳಿಗೆ ಕೊಡತೊಡಗಿದರು. ಹಲವರ ಗಳಗಂಡವು ಕುಗ್ಗಿತು. ಕೆಲವರಿಗಾದರೋ ಎದೆ ಬಡಿದುಕೊಳ್ಳತೊಡಗಿ ಮೈ ಸೊರಗಿತು. ಅಂದಿನಿಂದ ಅಯೋಡಿನ್ನಿನ ಮೇಲೆ ವೈದ್ಯರಿಗೆ ಅಂಜಿಕೆ ಹುಟ್ಟಿತು. ಆ ಅಂಜಿಕೆಯ ಕಾಲದಲ್ಲಿಯೇ, 1863ರಲ್ಲಿ, ಪ್ಯಾರಿಸ್ಸಿನ ಪ್ರಖ್ಯಾತ ವೈದ್ಯ ಟ್ರೂಸೋ ಅವರ ಬಳಿಗೆ ಗ್ರೇವ್ಸ್ ವ್ಯಾಧಿಯಿಂದ ಬಳಲುತ್ತಿದ್ದ ತರುಣಿಯೊಬ್ಬಳು ಬಂದಳು. ಆಕೆಯ ನಾಡಿಯು ನಿಮಿಷಕ್ಕೆ 140ನ್ನು ದಾಟಿತ್ತು. ಹೃದಯದ ವೇಗವನ್ನು ತಗ್ಗಿಸುವ ಡಿಜಿಟಾಲಿಸ್ಸನ್ನು ಕೊಡಬೇಕೆಂದು ನಿಶ್ಚಯಿಸಿದ ಟ್ರೂಸೋ, ಅಯೋಡಿನ್ನನ್ನು ಕೊಡಲಾಗದೆಂಬ ಯೋಚನೆಯೇ ಮನಸ್ಸನ್ನು ತುಂಬಿದ್ದುದರಿಂದಲೋ ಏನೋ, ಚೀಟಿಯ ಮೇಲೆ ಅಯೋಡಿನ್ನಿನ ಹೆಸರನ್ನೇ ಬರೆದುಬಿಟ್ಟರು. ಎರಡು ವಾರಗಳ ತರುವಾಯ ನೋಡಿದರೆ ನಾಡಿಯು 90ಕ್ಕೆ ಇಳಿದಿತ್ತು. ತಪ್ಪನ್ನು ಕಂಡು ಬೆಚ್ಚಿದ ವೈದ್ಯರು ಅಯೋಡಿನ್ನನ್ನು ನಿಲ್ಲಿಸಿ ಡಿಜಿಟಾಲಿಸ್ಸನ್ನು ಆರಂಭಿಸಲು, ನಾಡಿಯು ಮತ್ತೆ 150ಕ್ಕೆ ಏರಿತು. ಅವರು ಮರುಮಾತಿಲ್ಲದೆ ಅಯೋಡಿನ್ನಿಗೆ ಮರಳಿದರು. ತಮ್ಮ ಪ್ರಮಾದವನ್ನು ಮುಚ್ಚಿಡದೆ ಉಪನ್ಯಾಸದಲ್ಲಿ ವಿದ್ಯಾರ್ಥಿಗಳಿಗೆ ವಿವರಿಸಿದ ಆ ಮಹನೀಯರ ಸತ್ಯನಿಷ್ಠೆಗೆ ನಾವು ಋಣಿಗಳು. ಆದರೂ ಲೋಕವು ಅದರಿಂದ ಕಲಿಯಲಿಲ್ಲ. ಥೈರಾಯ್ಡ್ ಶಸ್ತ್ರಚಿಕಿತ್ಸೆಗಾಗಿ 1909ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದ ಕೋಕರ್ ಅಂಥವರೇ ಅಯೋಡಿನ್ನಿನ ಅಪಾಯವನ್ನು ಒತ್ತಿ ಹೇಳಿದುದರಿಂದ, ಅಮೆರಿಕದ ಮೇಯೋ ಕ್ಲಿನಿಕ್ಕಿನ ಪ್ಲಮರ್ 1923ರಲ್ಲಿ ಅದನ್ನು ಶಸ್ತ್ರಚಿಕಿತ್ಸೆಗೆ ಪೂರ್ವಭಾವಿಯಾಗಿ ಕೊಟ್ಟು ಮರಣಗಳನ್ನು ತಗ್ಗಿಸಿ ತೋರಿಸುವವರೆಗೆ, ಅರವತ್ತು ವರ್ಷಗಳ ಕಾಲ, ಟ್ರೂಸೋ ಅವರ ಅನುಭವವು ಪುಟಗಳಲ್ಲಿಯೇ ಉಳಿಯಿತು. ಅತಿ ಪ್ರಮಾಣದ ಅಯೋಡಿನ್ ಗ್ರಂಥಿಯ ಸ್ರಾವವನ್ನು ಕೆಲವು ವಾರ ತಡೆಹಿಡಿಯುತ್ತದೆ, ಆ ಬಳಿಕ ತಡೆಯು ಸಡಿಲವಾಗುತ್ತದೆ. ಇಬ್ಬಗೆಯ ಈ ಸ್ವಭಾವವೇ ವೈದ್ಯರ ಗೊಂದಲಕ್ಕೆ ಕಾರಣವಾಗಿತ್ತು. ಕಡಲಪಾಚಿಯ ಪುಡಿಯನ್ನು ಇಂದು ಟಾನಿಕ್ಕೆಂದು ಕೊಂಡು ತಿನ್ನುವವರು ಕ್ವಾಂದೆಯ ರೋಗಿಗಳ ಪಾಡನ್ನು ನೆನೆಯಬೇಕು.

ಕಾರ್ಬಿಮಜೋಲ್ ಗುಳಿಗೆಯ ಜನ್ಮವಾದುದು ಪಲ್ಯದಿಂದ ಎಂದರೆ ಅತಿಶಯೋಕ್ತಿಯಾಗದು. 1928ರಲ್ಲಿ ಬಾಲ್ಟಿಮೋರಿನ ಪ್ರಯೋಗಶಾಲೆಯಲ್ಲಿ ಎಲೆಕೋಸನ್ನೇ ತಿಂದು ಬದುಕಿದ ಮೊಲಗಳಿಗೆ ಗಳಗಂಡವಾಯಿತು; ಮುಂದೆ ಅದೇ ನಗರದಲ್ಲಿ ಸಲ್ಫಾ ಔಷಧ ಮತ್ತು ಥಯೋಯೂರಿಯಾ ಜಾತಿಯ ದ್ರವ್ಯಗಳನ್ನು ಸೇವಿಸಿದ ಇಲಿಗಳಿಗೂ ಹಾಗೆಯೇ ಆಯಿತು. ಗ್ರಂಥಿಯು ಹಾರ್ಮೋನನ್ನು ಕಟ್ಟಲಾರದಂತೆ ಈ ದ್ರವ್ಯಗಳು ತಡೆಯುವುದಾದರೆ ಅತಿಯಾಗಿ ಕಟ್ಟುವ ಗ್ರಂಥಿಗೆ ಇವೇ ಮದ್ದಾಗಬಾರದೇಕೆ ಎಂದು ಯೋಚಿಸಿದ ಬಾಸ್ಟನ್ನಿನ ಆಸ್ಟ್‌ವುಡ್, 1943ರಲ್ಲಿ ರೋಗಿಗಳಿಗೆ ಥಯೋಯುರಾಸಿಲ್ ಕೊಟ್ಟು ಫಲವನ್ನು ಪ್ರಕಟಿಸಿದರು. ಅದರ ಸಂತತಿಯೇ 1951ರಲ್ಲಿ ಬಂದ ಕಾರ್ಬಿಮಜೋಲ್. ನಮ್ಮ ಲಿಂಗಸುಗೂರಿನ ಮಸಾರಿ ಹೊಲಗಳಲ್ಲಿ ಬೆಳೆದು, ಚಳಿಗಾಲದಲ್ಲಿ ಎಳ್ಳು ಹಚ್ಚಿ ತಟ್ಟುವ ರೊಟ್ಟಿಯಾಗಿ ಮನೆಮನೆಯನ್ನು ಸೇರುವ ಸಜ್ಜೆಯಲ್ಲಿಯೂ ಇಂಥ ಗುಣದ ದ್ರವ್ಯಗಳಿರುವುದನ್ನು, ಅದನ್ನೇ ಪ್ರಧಾನವಾಗಿ ಉಣ್ಣುವ ಸೂಡಾನಿನ ಜನರ ಗಳಗಂಡವನ್ನು ಪರಿಶೀಲಿಸಿದ ವಿಜ್ಞಾನಿಗಳು 1989ರಲ್ಲಿ ವರದಿ ಮಾಡಿದರು. ಹಾಗೆಂದು ಸಜ್ಜೆಯ ರೊಟ್ಟಿಯು ಗುಳಿಗೆಯ ಸ್ಥಾನವನ್ನು ತುಂಬಲಾರದು. ಅದರಲ್ಲಿ ಪ್ರಮಾಣದ ನಿಯಮವಿಲ್ಲ. ವಿಕಿರಣಶೀಲ ಅಯೋಡಿನ್ನಿನ ಚಿಕಿತ್ಸೆಯೂ 1936ರಲ್ಲಿ ಸಾಲ್ ಹರ್ಟ್ಜ್ ಎಂಬ ವೈದ್ಯರು ಭೌತವಿಜ್ಞಾನಿಗಳಿಗೆ ಹಾಕಿದ ಒಂದು ಪ್ರಶ್ನೆಯಿಂದ ಹೊರಟು, 1941ರ ಮಾರ್ಚಿಯಲ್ಲಿ ಮೊದಲ ರೋಗಿಯನ್ನು ತಲುಪಿತು.

ಬೇರೆ ಮದ್ದನ್ನು ಬರೆಯಲು ಇಂದಿನ ವೈದ್ಯರು ಹಿಂಜರಿಯುವುದಕ್ಕೆ ಕಾರಣಗಳಿಲ್ಲದಿಲ್ಲ. ರೂಢಿಯ ಕಾರ್ಬಿಮಜೋಲೇ ಅಪೂರ್ವವಾಗಿಯಾದರೂ ರಕ್ತದ ಬಿಳಿಯ ಕಣಗಳನ್ನು ಅಪಾಯಕರವಾಗಿ ಕುಂದಿಸಬಲ್ಲದು. ಗಂಟಲು ನೋವೂ ಜ್ವರವೂ ಕೂಡಿ ಬಂದರೆ ಗುಳಿಗೆಯನ್ನು ನಿಲ್ಲಿಸಿ ಅಂದೇ ರಕ್ತವನ್ನು ನೋಡಿಸಬೇಕೆಂಬುದು ಹಳ್ಳಿಯ ಪ್ರತಿಯೊಬ್ಬ ರೋಗಿಗೂ ತಿಳಿದಿರಬೇಕಾದ ಮಾತು. ಶಾರ್ಙ್ಗಧರ ಸಂಹಿತೆಯ ಕಾಂಚನಾರ ಗುಗ್ಗುಲುವನ್ನು ಕತ್ತಿನ ಬಾವಿಗೆ ನಮ್ಮ ಪಂಡಿತರು ಕೊಡುತ್ತ ಬಂದಿರುವರಾದರೂ, ಸ್ರಾವದ ಅತಿರೇಕವನ್ನು ಅದು ತಗ್ಗಿಸುವುದೆಂದು ಅಳೆದು ತೋರಿಸಿದ ಆಧಾರವು ಸಾಲದು. ಅದನ್ನು ನಂಬಿ ಗುಳಿಗೆಯನ್ನು ತಾವಾಗಿಯೇ ಬಿಟ್ಟವರ ಹೃದಯಕ್ಕೆ ಅಪಾಯವುಂಟು. ಇದಕ್ಕೆ ಪ್ರತಿಯಾಗಿ, ಗ್ರೇವ್ಸ್ ವ್ಯಾಧಿಯ ಲಘುವಾದ ನೇತ್ರಬಾಧೆಗೆ ಸೆಲೆನಿಯಂ ಉಪಶಮನಕಾರಿಯೆಂದು 2011ರಲ್ಲಿ ಯುರೋಪಿನ ಪರೀಕ್ಷೆಯೊಂದು ತೋರಿಸಿತು. ಎದೆಬಡಿತಕ್ಕೂ ನಡುಕಕ್ಕೂ ಪ್ರೊಪ್ರನೊಲಾಲ್ ಅರುವತ್ತರ ದಶಕದಿಂದಲೇ ಒದಗಿದೆ.

ಒಂದೂವರೆ ವರ್ಷ ಗುಳಿಗೆಯನ್ನು ಕೊಟ್ಟು, ವ್ಯಾಧಿಯು ಮರುಕಳಿಸಿದರೆ ವಿಕಿರಣಕ್ಕೋ ಶಸ್ತ್ರಕ್ಕೋ ಒಪ್ಪಿಸುವುದು ಬಹುಕಾಲದ ರೂಢಿ. ಅದಕ್ಕೆ ಬದಲಾಗಿ, ವ್ಯಾಧಿಯು ಮರುಕಳಿಸಿದ ರೋಗಿಗಳಲ್ಲಿ ಕೆಲವರಿಗೆ ಟೆಹರಾನಿನ ಅಜೀಜಿ ಮತ್ತು ಅವರ ಸಂಗಡಿಗರು ಅಲ್ಪ ಪ್ರಮಾಣದ ಮೆಥಿಮಜೋಲನ್ನು ಹತ್ತು ವರ್ಷಗಳವರೆಗೆ ಮುಂದುವರಿಸಿ, ಗಂಭೀರವಾದ ಕೇಡಾಗಲಿ ಹೆಚ್ಚಿನ ವೆಚ್ಚವಾಗಲಿ ಆಗಲಿಲ್ಲವೆಂದು 2005ರಲ್ಲಿ ಪ್ರಕಟಿಸಿದರು. ಕಾರ್ಬಿಮಜೋಲ್ ದೇಹದೊಳಗೆ ಮೆಥಿಮಜೋಲೇ ಆಗಿ ಪರಿಣಮಿಸುವುದರಿಂದ ಈ ಫಲವು ನಮ್ಮ ಸೀಮೆಯ ರೋಗಿಗಳಿಗೂ ಸಲ್ಲುತ್ತದೆ. ವಿಕಿರಣ ಚಿಕಿತ್ಸೆಗಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿಬರಲಾರದ ಕೂಲಿಯ ಹೆಣ್ಣುಮಗಳ ಪಾಲಿಗೆ ಇದು ಸಣ್ಣ ವಿಷಯವಲ್ಲ. ಅದೇ ಪ್ರಕಾರ, ಯಕೃತ್ತಿಗೆ ಹಾನಿಮಾಡಬಲ್ಲದೆಂದು ಹಿಂದಕ್ಕೆ ಸರಿಸಲ್ಪಟ್ಟ ಪ್ರೊಪೈಲ್‌ಥಯೋಯುರಾಸಿಲ್, ಗರ್ಭಿಣಿಯರ ಮೊದಲ ಮೂರು ತಿಂಗಳಲ್ಲಿ ಕಾರ್ಬಿಮಜೋಲಿನ ಬದಲಿಗೆ, ಶಿಶುವಿನ ಅಂಗರಚನೆಯ ರಕ್ಷಣೆಗಾಗಿ, ಇಂದು ವೈದ್ಯರೇ ಮುಂದಾಗಿ ಬರೆಯುವ ಮದ್ದಾಗಿದೆ.