ಮುರಕಲ್ಲಿನ ಕೆಳಗಿನ ಶೇಡಿಮಣ್ಣು

ಮಣ್ಣಗುಡ್ಡದ ಹೆಸರಿನಲ್ಲೇ ಮಣ್ಣಿದೆ. ಮಂಗಳೂರಿನ ಗುಡ್ಡಗಳ ಮೇಲ್ಪದರ ಸಾಮಾನ್ಯವಾಗಿ ಮುರಕಲ್ಲು. ಕಡಿಯುವಾಗ ಮೆದುವಾಗಿದ್ದು, ಗಾಳಿಗೊಡ್ಡಿದಾಗ ಗಡುಸಾಗುವ ಈ ಕಲ್ಲಿಗೆ 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಹಿಂದಿನವರು ಈ ಗಟ್ಟಿ ಪದರದ ಮೇಲೆಯೇ ಹಂಚಿನ ಮಾಡಿನ ಹಗುರ ಮನೆಗಳನ್ನು ಕಟ್ಟಿದರು.

ಅದರಡಿಯ ಶೇಡಿಮಣ್ಣು ಒಣಗಿದ್ದಾಗ ಗಟ್ಟಿ. ಮಳೆನೀರು ಕುಡಿದರೆ ಬಲಗುಂದಿ ಕುಸಿಯುತ್ತದೆ. ಬಹುಮಹಡಿ ಕಟ್ಟಡಗಳಿಗಾಗಿ ಗುಡ್ಡ ಕಡಿದಲ್ಲೆಲ್ಲ ಈ ಪದರ ಬಯಲಾಯಿತು. 1960ರಲ್ಲಿ ಸುರತ್ಕಲ್ಲಿನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನ, ಅಂದರೆ ಇಂದಿನ ಎನ್.ಐ.ಟಿ.ಕೆ.ಯ, ತಜ್ಞರು ಇದಕ್ಕೆ ಮರಳು, ಸಿಮೆಂಟು, ತೆಂಗಿನ ನಾರು ಬೆರೆಸಿ ಪರೀಕ್ಷಿಸಿದ್ದಾರೆ. ಸುಣ್ಣವೂ ಜೇಡಿಯ ಕಣಗಳನ್ನು ಬೆಸೆಯಬಲ್ಲದು. ಆದರೆ ಮಳೆನೀರು ಹರಿದುಹೋಗಲು ಚರಂಡಿಯಿಲ್ಲದಿದ್ದರೆ ಯಾವ ಮಿಶ್ರಣವೂ ಗುಡ್ಡವನ್ನು ಹಿಡಿದು ನಿಲ್ಲಿಸಲಾರದು.