ಶಿಕ್ಷಣ ನಾಯಕತ್ವದಲ್ಲಿ ವ್ಯವಸ್ಥಾ ಚಿಂತನೆ

ವ್ಯವಸ್ಥಾ ಚಿಂತನೆ (ಸಿಸ್ಟಮ್ಸ್ ಥಿಂಕಿಂಗ್) ಎಂಬುದು ಸಮಸ್ಯೆಯನ್ನು ಬಿಡಿಯಾಗಿ ನೋಡದೆ, ಅದು ಸೇರಿರುವ ಇಡೀ ವ್ಯವಸ್ಥೆಯ ಅಂಗಗಳ ಪರಸ್ಪರ ಸಂಬಂಧಗಳ ಮೂಲಕ ಅರಿಯುವ ವಿಧಾನವಾಗಿದೆ. ಮುಖ್ಯೋಪಾಧ್ಯಾಯರು, ಶಿಕ್ಷಣಾಧಿಕಾರಿಗಳು ಮತ್ತು ನೀತಿ ನಿರೂಪಕರು ತಮ್ಮ ನಿರ್ಧಾರಗಳ ದೂರಗಾಮಿ ಪರಿಣಾಮಗಳನ್ನು ಮುಂಗಾಣಲು ಇದನ್ನು ಬಳಸುತ್ತಾರೆ.

ಹಿನ್ನೆಲೆ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಜೇ ಫಾರೆಸ್ಟರ್ ಅವರು 1950ರ ದಶಕದಲ್ಲಿ 'ಸಿಸ್ಟಮ್ ಡೈನಾಮಿಕ್ಸ್' ಎಂಬ ಅಧ್ಯಯನ ಕ್ರಮವನ್ನು ರೂಪಿಸಿದರು. ಅದೇ ಸಂಸ್ಥೆಯ ಪೀಟರ್ ಸೆಂಗೆ ಅವರು 1990ರಲ್ಲಿ ಪ್ರಕಟಿಸಿದ 'ದಿ ಫಿಫ್ತ್ ಡಿಸಿಪ್ಲಿನ್' ಕೃತಿಯಲ್ಲಿ, ಕಲಿಯುವ ಸಂಸ್ಥೆಗೆ ಬೇಕಾದ ಐದು ಶಿಸ್ತುಗಳನ್ನು ವಿವರಿಸಿದರು. ವೈಯಕ್ತಿಕ ಪ್ರಭುತ್ವ, ಮನೋಮಾದರಿಗಳು, ಸಮಾನ ದೃಷ್ಟಿ ಮತ್ತು ತಂಡದ ಕಲಿಕೆ ಇವುಗಳಲ್ಲಿ ನಾಲ್ಕು. ಇವನ್ನು ಒಂದುಗೂಡಿಸುವ ಐದನೆಯದೇ ವ್ಯವಸ್ಥಾ ಚಿಂತನೆ. 2000ದಲ್ಲಿ ಸೆಂಗೆ ಮತ್ತು ಸಂಗಡಿಗರ 'ಸ್ಕೂಲ್ಸ್ ದಟ್ ಲರ್ನ್' ಕೃತಿಯು ಈ ವಿಚಾರಗಳನ್ನು ಶಾಲೆಗಳಿಗೆ ಅನ್ವಯಿಸಿತು.

ಮುಖ್ಯ ಪರಿಕಲ್ಪನೆಗಳು

* ಹಿಮ್ಮಾಹಿತಿ ಚಕ್ರ: ಒಂದು ಕ್ರಿಯೆಯ ಫಲವು ಮರಳಿ ಅದೇ ಕ್ರಿಯೆಯ ಮೇಲೆ ಪ್ರಭಾವ ಬೀರುವುದು. ಶಾಲೆಯ ಹೆಸರು ಕುಂದಿದರೆ ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದರೆ ಶಿಕ್ಷಕ ಹುದ್ದೆಗಳು ಕಡಿಮೆಯಾಗಿ ಹೆಸರು ಮತ್ತಷ್ಟು ಕುಂದಬಹುದು.
* ವಿಳಂಬ: ಕ್ರಮಕ್ಕೂ ಫಲಿತಾಂಶಕ್ಕೂ ನಡುವಿನ ಕಾಲದ ಅಂತರ. ಶಿಕ್ಷಕರ ತರಬೇತಿಯ ಫಲ ಕಾಣಲು ಹಲವು ವರ್ಷಗಳು ಬೇಕಾಗಬಹುದು.
* ಸನ್ನೆ ಬಿಂದು: ಸಣ್ಣ ಬದಲಾವಣೆಯಿಂದ ದೊಡ್ಡ ಪರಿಣಾಮ ಉಂಟಾಗುವ ಸ್ಥಾನ. ಡೊನೆಲ್ಲಾ ಮೆಡೋಸ್ ಅವರು 1999ರ ಪ್ರಬಂಧವೊಂದರಲ್ಲಿ ಇಂತಹ ಸ್ಥಾನಗಳನ್ನು ಪಟ್ಟಿ ಮಾಡಿ, ಅಂಕಿಸಂಖ್ಯೆಗಳ ಹೊಂದಾಣಿಕೆಗಿಂತ ವ್ಯವಸ್ಥೆಯ ಗುರಿಯ ಬದಲಾವಣೆ ಹೆಚ್ಚು ಪರಿಣಾಮಕಾರಿ ಎಂದು ಪ್ರತಿಪಾದಿಸಿದರು.

ಉದಾಹರಣೆ

1985ರಲ್ಲಿ ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ ಆರಂಭವಾದ 'ಸ್ಟಾರ್' ಪ್ರಯೋಗವು, ಆರಂಭಿಕ ತರಗತಿಗಳಲ್ಲಿ ಮಕ್ಕಳ ಸಂಖ್ಯೆಯನ್ನು 13ರಿಂದ 17ಕ್ಕೆ ಸೀಮಿತಗೊಳಿಸಿದಾಗ ಕಲಿಕೆ ಸುಧಾರಿಸುತ್ತದೆ ಎಂದು ತೋರಿಸಿತು. 1996ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಶಿಶುವಿಹಾರದಿಂದ ಮೂರನೆಯ ತರಗತಿಯವರೆಗೆ ಗರಿಷ್ಠ 20 ಮಕ್ಕಳ ತರಗತಿಗಳಿಗೆ ಅನುದಾನ ನೀಡತೊಡಗಿತು. ರಾಜ್ಯದಾದ್ಯಂತ ಒಮ್ಮೆಲೇ ಸಾವಿರಾರು ಶಿಕ್ಷಕರು ಬೇಕಾದರು. ಬಡ ಪ್ರದೇಶಗಳ ಅನುಭವಿ ಶಿಕ್ಷಕರಲ್ಲಿ ಹಲವರು ಅನುಕೂಲಸ್ಥ ಪ್ರದೇಶಗಳಿಗೆ ತೆರಳಿದರು. ತೆರವಾದ ಹುದ್ದೆಗಳಿಗೆ ಪೂರ್ಣ ಅರ್ಹತೆ ಇಲ್ಲದವರೂ ನೇಮಕಗೊಂಡರು. ಕೊಠಡಿಗಳ ಕೊರತೆಯಿಂದ ಗ್ರಂಥಾಲಯ, ಸಂಗೀತ ಕೊಠಡಿಗಳು ತರಗತಿಗಳಾದವು. ನೆರವು ಹೆಚ್ಚು ಅಗತ್ಯವಿದ್ದ ಮಕ್ಕಳೇ ಈ ಅಡ್ಡಪರಿಣಾಮಗಳನ್ನು ಹೆಚ್ಚಾಗಿ ಅನುಭವಿಸಬೇಕಾಯಿತು. ಒಂದು ಅಂಗದಲ್ಲಿ ಸರಿಯಾದ ಕ್ರಮವೂ ಶಿಕ್ಷಕರ ಲಭ್ಯತೆಯಂತಹ ಇತರ ಅಂಗಗಳನ್ನು ಗಣಿಸದಿದ್ದರೆ ಆಶಯಕ್ಕೆ ವಿರುದ್ಧವಾದ ಫಲ ನೀಡಬಹುದು ಎಂಬುದಕ್ಕೆ ಇದು ನಿದರ್ಶನವಾಗಿದೆ.

ಮಿತಿಗಳು

ವ್ಯವಸ್ಥೆಯ ಎಲ್ಲೆಯನ್ನು ಗುರುತಿಸುವವರು ವಿಶ್ಲೇಷಕರೇ ಆದ್ದರಿಂದ, ಪೋಷಕರು ಅಥವಾ ವಿದ್ಯಾರ್ಥಿಗಳ ಅನುಭವ ಅದರಿಂದ ಹೊರಗುಳಿಯುವ ಸಾಧ್ಯತೆಯಿದೆ. ಎಲ್ಲ ದೋಷಗಳನ್ನೂ ವ್ಯವಸ್ಥೆಗೇ ಆರೋಪಿಸಿದರೆ ವ್ಯಕ್ತಿಗಳ ಹೊಣೆಗಾರಿಕೆ ಮಸುಕಾಗಬಹುದು ಎಂಬ ಆಕ್ಷೇಪವೂ ಇದೆ.