ಕಟ್ಲೆಟ್ಟು ಅನ್ನದ ಮೇಲೇರಿದ ಕಥೆ

ರಾಜರ ದಂಡಯಾತ್ರೆಗಳನ್ನು ಬರೆದಿಟ್ಟವರು ಬಹಳ ಮಂದಿ. ತಿನಿಸುಗಳ ಯಾತ್ರೆಯನ್ನು ಬರೆದಿಟ್ಟವರು ಕಡಿಮೆ. ಆದರೆ ಒಂದು ತಿನಿಸು ಹೋಗಿ ಮುಟ್ಟುವಷ್ಟು ದೂರ ಯಾವ ದಂಡೂ ಹೋಗಿ ಮುಟ್ಟಿದ್ದಿಲ್ಲ. ಕಟ್ಲೆಟ್ಟನ್ನೇ ನೋಡಿರಿ. ಫ್ರೆಂಚರ ಮಾತಿನಲ್ಲಿ 'ಕೋತ್' ಎಂದರೆ ಪಕ್ಕೆಲುಬು. 'ಕೋತಲೆತ್' ಎಂದರೆ ಪುಟ್ಟ ಪಕ್ಕೆಲುಬು, ಅಂದರೆ ಎಲುಬಿನೊಡನೆ ಕೊಯ್ದ ಮಾಂಸದ ತುಣುಕು. ಇಂಗ್ಲಿಷರು ಅದನ್ನು ತಮ್ಮ ನಾಲಗೆಗೆ ಒಗ್ಗಿಸಿ 'ಕಟ್ಲೆಟ್' ಮಾಡಿದರು. ಅಲ್ಲಿಂದ ಮುಂದೆ ಅದರ ಹಾದಿ ಕವಲೊಡೆಯಿತು. ಒಂದು ಕವಲು ನಮ್ಮ ಕಡೆಗೆ ಬಂದು, ಮೊದಲು ಎಲುಬನ್ನು ಬಿಟ್ಟು, ಆಮೇಲೆ ಮಾಂಸವನ್ನೂ ಬಿಟ್ಟು, ಕೊನೆಗೆ ರೈಲು ನಿಲ್ದಾಣದ ಬಟಾಟೆಯ ವಡೆಯಾಗಿ ನಿಂತಿತು. ಇನ್ನೊಂದು ಕವಲು ಜಪಾನಿಗೆ ಹೋಗಿ ಅನ್ನದ ಬೋಗುಣಿಯನ್ನೇರಿ ಕುಳಿತಿತು. ಈ ಎರಡು ಕವಲುಗಳೂ ಯಮಕನಮರಡಿಯ ನಮ್ಮ ಮನೆಯ ಒಲೆಯ ಮೇಲೆ ಕೂಡಿದ್ದನ್ನು ಕಂಡ ಮೇಲೆ ಈ ನಾಲ್ಕು ಮಾತು ಬರೆಯಬೇಕೆನಿಸಿತು.

ಯಮಕನಮರಡಿ ಹುಕ್ಕೇರಿ ತಾಲೂಕಿನ ಊರು. ಬೆಳಗಾವಿಯಿಂದ ಕೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿ ಹತ್ತಿರದಲ್ಲೇ ಹಾಯುತ್ತದೆ. ಇಂಥ ಊರಿಗೂ ಜಪಾನಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಬೆಳೆದದ್ದು ಬೆಳಗಾವಿ ಜಿಲ್ಲೆಯ ಕಬ್ಬಿಣದಿಂದ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದವರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು. ಅವರ ವಂಶದವರು 1997ರಲ್ಲಿ ಜಪಾನಿನ ಟೊಯೋಟಾದೊಡನೆ ಪಾಲುಗೂಡಿ ಬಿಡದಿಯಲ್ಲಿ ಮೋಟಾರು ಕಾರಿನ ಕಾರ್ಖಾನೆಗೆ ಕೈಹಾಕಿದರು. ಟೊಯೋಟಾದ ಮೂಲಪುರುಷರೂ ಬಟ್ಟೆ ನೇಯುವ ಮಗ್ಗ ಮಾಡುತ್ತಿದ್ದವರೇ. ನೇಗಿಲಿನ ಮನೆತನ, ಮಗ್ಗದ ಮನೆತನ: ಬೀಗತನ ಸರಿಯಾಗಿಯೇ ಕೂಡಿದೆಯೆಂದು ನಾನು ತಿಳಿದಿದ್ದೇನೆ. ನನ್ನ ತಮ್ಮನ ಮಗ ಅಲ್ಲಿಯ ನೌಕರ. ತರಬೇತಿಗೆಂದು ಕೆಲವು ತಿಂಗಳು ಜಪಾನಿನಲ್ಲಿದ್ದು ಬಂದವನು. ಬಂದವನ ಬಾಯಲ್ಲಿ ಒಂದೇ ಹೆಸರು, 'ಕಟ್ಸುದೋನ್'.

ಅವನ ಮಾತಿಗೆ ನಮ್ಮ ಅವ್ವ ಕೇಳಿದ ಪ್ರಶ್ನೆ ಸಣ್ಣದು, ಆದರೆ ನಮ್ಮ ಮನೆಯಲ್ಲಿ ಅದು ಸಣ್ಣದಲ್ಲ.

"ಅದರಾಗ ಏನ ಇರತೈತೋ ತಮ್ಮಾ?"

"ಹಂದೀದ್ ಇರತೈತಿ, ಆಯಿ. ಮ್ಯಾಲ ತತ್ತಿ."

ತತ್ತಿಯೂ ಹೊಸ್ತಿಲು ದಾಟದ ಮನೆ ನಮ್ಮದು. ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು, ಹುಡುಗ ಹೇಳಲಿಲ್ಲ. ಅವ್ವ ಎದ್ದು ದೇವರ ಮನೆಗೆ ಹೋದಳು. ಆ ದಿನ ಅವನ ಕೂಡ ಮಾತಾಡಲಿಲ್ಲ.

ಈ ಮೌನವನ್ನು ಕಂಡಾಗ ನನಗೆ ಜಪಾನಿನದೇ ಹಳೆಯ ಕಥೆ ನೆನಪಾಯಿತು. ಮಾಂಸದ ವಿಚಾರದಲ್ಲಿ ಆ ದೇಶ ನಮಗಿಂತ ಕಡಿಮೆ ಮಡಿಯದಲ್ಲ. ಕ್ರಿ. ಶ. 675ರಲ್ಲಿ ತೆನ್ಮು ಎಂಬ ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿಗಳನ್ನು ತಿನ್ನಕೂಡದೆಂದು ಆಜ್ಞೆ ಮಾಡಿದ. ಬುದ್ಧನ ಧರ್ಮ ಬಲವಾದಂತೆ ನಾಲ್ಕು ಕಾಲಿನ ಪ್ರಾಣಿಯೇ ಮೈಲಿಗೆ ಎಂಬ ಭಾವನೆ ಬೇರೂರಿತು. ಚಪಲವಿದ್ದವರು ಇದ್ದೇ ಇದ್ದರೆನ್ನಿ. ಕಾಡುಹಂದಿಗೆ 'ಬೆಟ್ಟದ ತಿಮಿಂಗಿಲ' ಎಂದು ಹೆಸರಿಟ್ಟು, ಮೀನು ತಿಂದೆವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ತಿಂದರು. ನಮ್ಮಲ್ಲಿಯೂ ಇಂಥ ಹೆಸರುಗಳುಂಟು, ಅವನ್ನು ಇಲ್ಲಿ ಹೇಳುವುದು ಬೇಡ. ಹೀಗೆ ಸಾವಿರದ ಇನ್ನೂರು ವರ್ಷ ನಡೆಯಿತು. ಆಮೇಲೆ ಪಾಶ್ಚಾತ್ಯರ ಹಡಗುಗಳು ಬಂದವು. ಅವರ ಮೈಕಟ್ಟಿಗೂ ತೋಪಿಗೂ ಅವರು ತಿನ್ನುವ ಮಾಂಸವೇ ಕಾರಣವೆಂದು ಹೊಸ ಸರಕಾರದವರಿಗೆ ತೋರಿತು. 1872ರ ಜನವರಿಯಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ಉಂಡ ಸುದ್ದಿ ಬಹಿರಂಗವಾಯಿತು. ಮುಂದಿನ ತಿಂಗಳೇ ಹತ್ತು ಜನ ತಪಸ್ವಿಗಳು, ದೇಶ ಮೈಲಿಗೆಯಾಯಿತೆಂದು ಕೂಗುತ್ತ ಅರಮನೆಗೆ ನುಗ್ಗಿದರು. ಕಾವಲಿನವರ ಕೈಯಲ್ಲಿ ಅವರಲ್ಲಿ ಕೆಲವರು ಪ್ರಾಣ ನೀಗಿದರು. ಒಂದು ತುತ್ತಿನ ಸಲುವಾಗಿ ಜೀವ ಕೊಟ್ಟ ಆ ಜನರನ್ನು ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತವೆ. ಅವರು ನಕ್ಕು ಬಿಡತಕ್ಕವರಲ್ಲ ಎಂದು ನನ್ನ ಅಭಿಪ್ರಾಯ. ಮಡಿಯೆಂದರೆ ಏನೆಂದು ನಮ್ಮ ಅವ್ವನನ್ನು ಬಲ್ಲವನಿಗೆ ಅವರ ಸಂಕಟ ತಿಳಿಯುತ್ತದೆ.

ಇರಲಿ. ಮಾಂಸವೇನೋ ಒಳಗೆ ಬಂತು. ಆದರೆ ಅದು ಜಪಾನೀಯರ ಊಟವಾದದ್ದು ಅಡಿಗೆಯವರ ಜಾಣತನದಿಂದ. ಟೋಕಿಯೋದ ಗಿಂಜಾ ಪೇಟೆಯಲ್ಲಿ 1895ರಲ್ಲಿ ತೆರೆದ 'ರೆಂಗಾತೇ' ಎಂಬ ಖಾನಾವಳಿಯಲ್ಲಿ, 1899ರ ಸುಮಾರಿಗೆ, ಹಂದಿಯ ಮಾಂಸವನ್ನು ಬೆಣ್ಣೆಯಲ್ಲಿ ಹುರಿಯುವುದನ್ನು ಬಿಟ್ಟು ಕಾದ ಎಣ್ಣೆಯಲ್ಲಿ ಮುಳುಗಿಸಿ ಕರಿದರು. ರಷ್ಯಾದೊಡನೆ 1904ರಲ್ಲಿ ಯುದ್ಧ ಹತ್ತಿ, ಅಡಿಗೆಯ ಹುಡುಗರೆಲ್ಲ ದಂಡಿಗೆ ಹೋದಾಗ, ಬೇಯಿಸಿದ ಕಾಯಿಪಲ್ಲೆ ಮಾಡಲು ಕೈಗಳಿಲ್ಲದೆ ಹಸಿ ಕೋಬೀಜನ್ನು ಹೆಚ್ಚಿ ಪಕ್ಕಕ್ಕೆ ಹಾಕಿದರಂತೆ. ಇಂದಿಗೂ ಅದೇ ವಾಡಿಕೆ. 'ಕಟ್ಲೆಟ್' ಅವರ ನಾಲಗೆಯಲ್ಲಿ 'ಕಾತ್ಸುರೆತ್ಸು' ಆಗಿ, ಸವೆದು 'ಕಟ್ಸು' ಆಯಿತು. 'ದೊನ್ಬುರಿ' ಎಂದರೆ ಬೋಗುಣಿ, ಅದು 'ದೋನ್' ಆಯಿತು. ಬೋಗುಣಿಯೊಳಗಿನ ಅನ್ನದ ಮೇಲೆ ಕಟ್ಸುವನ್ನು ಮೊದಲು ಇಟ್ಟವರು ಯಾರೆಂಬುದಕ್ಕೆ ಜಗಳವಿದೆ. ವಾಸೆದಾ ವಿಶ್ವವಿದ್ಯಾಲಯದ ಸುತ್ತಿನ ಖಾನಾವಳಿಗಳಲ್ಲಿ, 1913ರಿಂದ 1921ರೊಳಗೆ, ಹಸಿದ ವಿದ್ಯಾರ್ಥಿಗಳಿಗಾಗಿ ಹುಟ್ಟಿತೆಂದು ಹಲವರು ಹೇಳುತ್ತಾರೆ. 'ಕಟ್ಸು' ಎಂದರೆ ಅವರ ಭಾಷೆಯಲ್ಲಿ 'ಗೆಲ್ಲು' ಎಂದೂ ಆಗುತ್ತದೆ. ಆದ್ದರಿಂದ ಪರೀಕ್ಷೆಯ ಮುಂಚೆ ಮಕ್ಕಳಿಗೆ ಇದನ್ನು ಉಣಿಸುವ ಪದ್ಧತಿ ಬೆಳೆಯಿತು. ನಾವು ಕೈಯಲ್ಲಿ ಮೊಸರು ಸಕ್ಕರೆ ಹಾಕಿ ಕಳಿಸುವುದಿಲ್ಲವೇ, ಹಾಗೆ.

ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಜಪಾನಿನ ಹೆಸರು ಊಟಕ್ಕೆ ಸೇರಿದ್ದಾಗಿರಲಿಲ್ಲ, ಹಸಿವೆಗೆ ಸೇರಿದ್ದಾಗಿತ್ತು. ಬೆಳಗಾವಿಯ ಮರಾಠಾ ಪಲ್ಟನ್ನಿನಲ್ಲಿದ್ದು ಬಂದ ಹಿರಿಯರೊಬ್ಬರು ಅಲ್ಲಿ ಇದ್ದರು. ಅವರ ಬೆಟಾಲಿಯನ್ನು 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಕ್ ಎಂಬ ಗುಡ್ಡದ ಊರಿನಲ್ಲಿ ಜಪಾನೀ ಸೈನ್ಯವನ್ನು ತಡೆಯಲು ಕಾದಾಡಿ ನುಚ್ಚುನೂರಾಗಿತ್ತು. ಜಪಾನೀಯರು ಮೂರು ವಾರದ ಬುತ್ತಿ ಕಟ್ಟಿಕೊಂಡು ಇಂಫಾಲವನ್ನು ಹಿಡಿಯಬಂದವರು, ಹಿಡಿಯಲಾಗಲಿಲ್ಲ. ಮಳೆಗಾಲದಲ್ಲಿ ಹಿಂದಿರುಗುವಾಗ ಗುಂಡಿಗಿಂತ ಹಸಿವೆಗೂ ರೋಗಕ್ಕೂ ಬಿದ್ದವರೇ ಹೆಚ್ಚು. "ಸತ್ತವರ ಚೀಲದಾಗ ಒಂದ ಮುಷ್ಟಿ ಅಕ್ಕಿ ಇರಲಿಲ್ಲಪಾ, ಹುಲ್ಲ ತಿಂದಿದ್ರು" ಎಂದು ಆ ಅಜ್ಜ ಹೇಳಿ ಸುಮ್ಮನಾಗುತ್ತಿದ್ದರು. ವೈರಿಯ ಮೇಲಿನ ಸಿಟ್ಟನ್ನು ನಾನು ಅವರ ಬಾಯಲ್ಲಿ ಕೇಳಿದ್ದಿಲ್ಲ. ತಾಟಿನಲ್ಲಿ ಅನ್ನ ಬಿಟ್ಟ ಹುಡುಗರ ಮೇಲೆ ಮಾತ್ರ ವಿಪರೀತ ಸಿಟ್ಟು.

ಇನ್ನು ನಮ್ಮ ಕಡೆಯ ಕವಲು. ಬೆಳಗಾವಿಯ ಕೋಟೆ 1818ರಲ್ಲಿ ಇಂಗ್ಲಿಷರ ಕೈಗೆ ಬಂದು, ಅಲ್ಲಿ ದಂಡಿನ ಠಾಣೆ ನೆಲೆಸಿತು. ದಂಡಿದ್ದಲ್ಲಿ ಮೆಸ್ಸು, ಮೆಸ್ಸಿದ್ದಲ್ಲಿ ಕಟ್ಲೆಟ್. ಕರ್ನಲ್ ಕೆನಿ-ಹರ್ಬರ್ಟರು 1878ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಅಡಿಗೆಯ ಪುಸ್ತಕ ಇಂಥ ಮನೆಗಳಿಗಾಗಿಯೇ ಬರೆದದ್ದು. ರೈಲು ಬಂದ ಮೇಲೆ ಕಟ್ಲೆಟ್ ನಿಲ್ದಾಣಗಳಿಗಿಳಿಯಿತು. ಕಾಫಿಯ ಹೋಟೆಲುಗಳಲ್ಲಿ ಬಟಾಟೆ, ಗಜ್ಜರಿ, ಬೀಟರೂಟುಗಳ ಪಾಲಾಯಿತು. ತಮಾಷೆಯೆಂದರೆ ನಾವು ಕಟ್ಲೆಟ್ ಎನ್ನುವ ಈ ಬಟಾಟೆಯ ತಿನಿಸಿಗೆ ಜಪಾನಿನಲ್ಲಿ 'ಕೊರೊಕ್ಕೆ' ಎಂದು ಹೆಸರು. ಅದು ಫ್ರೆಂಚರ ಇನ್ನೊಂದು ತಿನಿಸಿನ ಹೆಸರು. ನಾವು ಅಣ್ಣನ ಹೆಸರಿನಿಂದ ತಮ್ಮನನ್ನು ಕೂಗುತ್ತಿದ್ದೇವೆ.

ಮರುದಿನ ಬೆಳಿಗ್ಗೆ ಅವ್ವ ತಾನಾಗಿಯೇ ಮಾತು ತೆಗೆದಳು. "ತಿಂದದ್ದ ತಿಂದಿ. ನನ್ನ ಒಲಿ ಮ್ಯಾಲ ಏನ ಮಾಡಾಂವ ಹೇಳು."

ಹುಡುಗ ಸುವರ್ಣಗಡ್ಡೆ ತಂದ. ಬೆರಳು ದಪ್ಪದ ಹೋಳುಗಳನ್ನು ಹುಣಸಿ, ಅರಿಸಿನ ಹಾಕಿ ಅರ್ಧ ಬೇಯಿಸಿ, ಬಟ್ಟೆಯ ಮೇಲೆ ಆರಿಸಿದ. ಮೈದಾ ಸವರಿ, ತೆಳ್ಳಗೆ ಕಲಸಿದ ಕಡ್ಲಿಹಿಟ್ಟಿನಲ್ಲಿ ಅದ್ದಿ, ಎರಡು ದಿನದ ಹಳೆಯ ಪಾವನ್ನು ತುರಿದ ಪುಡಿಯಲ್ಲಿ ಹೊರಳಿಸಿ, ಶೇಂಗಾ ಎಣ್ಣೆಯಲ್ಲಿ ಕರಿದ. ಈ ಪುಡಿಗೆ ಜಪಾನಿನಲ್ಲಿ 'ಪಾನ್‌ಕೋ' ಎಂದು ಹೆಸರು. ಕೋ ಎಂದರೆ ಪುಡಿ. 'ಪಾನ್' ಎಂಬುದು ಪೋರ್ತುಗೀಜರ ಮಾತು. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದರು, 1543ರಲ್ಲಿ ಜಪಾನಿನ ದಂಡೆ ಮುಟ್ಟಿದರು. ಘಟ್ಟ ಹತ್ತಿ ಬೆಳಗಾವಿಗೆ ಬಂದ ನಮ್ಮ ಪಾವೂ ಟೋಕಿಯೋದ ಪಾನ್ ಕೂಡ ಒಂದೇ ತಾಯಿಯ ಮಕ್ಕಳು. ಅನ್ನಕ್ಕೆ ಬೆಳಗಾವಿ ಪೇಟೆಯ ಇಂದ್ರಾಯಣಿ ಅಕ್ಕಿ ಆರಿಸಿದ್ದು ಜಾಣತನ. ಬೇಯಿಸಿದರೆ ತುಸು ಅಂಟುತ್ತದೆ. ಸೋಯಾ ಸಾಸಿನ ಬಾಟಲಿ ಗೋಬಿ ಮಂಚೂರಿಯ ಗಾಡಿಗಳ ಕೃಪೆಯಿಂದ ಊರಿನ ಕಿರಾಣಿ ಅಂಗಡಿಯಲ್ಲೇ ಸಿಕ್ಕಿತು. ನಮ್ಮ ಜಿಲ್ಲೆಯ ಹೊಲಗಳ ತುಂಬ ಸೋಯಾ ಬೆಳೆಯುತ್ತೇವೆ, ಎಣ್ಣೆಯ ಗಿರಣಿಗೆ ಕಳಿಸುತ್ತೇವೆ, ಅದರ ಸಾಸನ್ನು ಮಾತ್ರ ಬಾಟಲಿಯಲ್ಲಿ ಕೊಳ್ಳುತ್ತೇವೆ.

ತೊಡಕು ಬಂದದ್ದು ರಸಕ್ಕೆ. ಉಳ್ಳಾಗಡ್ಡಿಯನ್ನು ಬೇಯಿಸುವ ತಿಳಿಸಾರಿಗೆ ಜಪಾನಿನಲ್ಲಿ ಒಣಗಿಸಿದ ಮೀನು ಮತ್ತು 'ಕೊಂಬು' ಎಂಬ ಕಡಲಸೊಪ್ಪು ಬೇಕು. 1908ರಲ್ಲಿ ಇಕೆದಾ ಎಂಬ ಪ್ರಾಧ್ಯಾಪಕರು ಆ ಸೊಪ್ಪಿನಿಂದಲೇ ಹೊಸದೊಂದು ರುಚಿಯ ಮೂಲವನ್ನು ಬೇರ್ಪಡಿಸಿದರು. ಮಂಚೂರಿಯ ಗಾಡಿಯವರು ಚಿಟಿಕೆ ಹಾಕುವ ಅಜಿನೊಮೊಟೊ ಅದರ ಫಲ. ಅಲ್ಲಿಯ ಬೌದ್ಧ ಮಠಗಳ ಅಡಿಗೆಯಲ್ಲಿ ಮೀನು ಬಿಟ್ಟು ಸೊಪ್ಪು, ಒಣ ಅಣಬೆಗಳಿಂದಲೇ ಸಾರು ತೆಗೆಯುತ್ತಾರೆ. ಯಮಕನಮರಡಿಯಲ್ಲಿ ಕಡಲಸೊಪ್ಪು ಎಲ್ಲಿಯದು? ಹುಡುಗ ಬರಿಯ ನೀರಿಗೆ ಸಾಸು ಬೆರೆಸಲು ಹೊರಟಾಗ ಅವ್ವ ತಡೆದಳು.

"ನೀರಾಗ ಏನ ರುಚಿ ಬರತೈತಿ? ನಿಂದ್ರ."

ಆ ದಿನ ಹೋಳಿಗೆಗೆಂದು ಕಡ್ಲಿಬ್ಯಾಳಿ ಬೆಂದಿತ್ತು. ಬಸಿದ ಕಟ್ಟನ್ನು ಒಂದು ಚೆರಿಗೆ ತುಂಬ ತಂದು ಕೊಟ್ಟಳು. ಕಟ್ಟಿನಲ್ಲಿ ಉಳ್ಳಾಗಡ್ಡಿ, ಸಾಸು, ಚೂರು ಬೆಲ್ಲ ಹಾಕಿ ಕುದಿಸಿ, ಕರಿದ ಹೋಳುಗಳನ್ನಿಟ್ಟು, ತತ್ತಿಯ ಬದಲು ತೆಳ್ಳನೆಯ ಕಡ್ಲಿಹಿಟ್ಟು ಸುರಿದು, ಮುಚ್ಚಳ ಮುಚ್ಚಿದರು. ಹಿಟ್ಟು ಬೆಂದು ಮೆತ್ತಗೆ ಗಟ್ಟಿಯಾದ ಮೇಲೆ ಬಿಸಿ ಅನ್ನದ ಮೇಲೆ ಜಾರಿಸಿದರು. ತಳ ನೆನೆದಿತ್ತು, ಮೇಲಿನ ಅಂಚು ಇನ್ನೂ ಗರಿಗರಿಯಾಗಿತ್ತು. ಅಲ್ಲಿಯದೂ ಹೀಗೇ ಇರಬೇಕಂತೆ. ರುಚಿ ಮಾತ್ರ ಅಲ್ಲಿಯದಲ್ಲವೆಂದು ಹುಡುಗ ಪ್ರಾಮಾಣಿಕವಾಗಿ ಹೇಳಿದ.

ಅವ್ವ ಒಂದು ತುತ್ತು ಬಾಯಿಗಿಟ್ಟು, "ಝುಣಕಾ ಅನ್ನ ಇದ್ದಂಗ ಐತಿ, ಒಂಚೂರ ಖಾರ ಕಡಿಮಿ" ಎಂದು ಹೇಳಿ, ಕೆಂಪುಖಾರದ ಡಬ್ಬಿಯನ್ನು ಅವನ ಕಡೆಗೆ ಸರಿಸಿದಳು.